ಪ್ರೊಟೊಟೈಪ್‌ಗೆ ‘ಮಾದರಿ’ ಸಾಲುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೆಯ ತರಗತಿಯವರಿಗಾಗಿ ಡಿಸೈನ್ ಥಿಂಕಿಂಗ್, ಅಂದರೆ ಬಳಸುವವರ ಕಷ್ಟದಿಂದ ಶುರುಮಾಡಿ ಹಂತಹಂತವಾಗಿ ಪರಿಹಾರ ಕಟ್ಟುವ ವಿಧಾನದ ಕುರಿತು ಟಿಪ್ಪಣಿ ಬರೆಯುತ್ತಿದ್ದೇನೆ. ಶಾಲೆಗಳಲ್ಲಿ ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದು ಇರುವ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಿಂದಾಗಿ ಈ ವಿಧಾನ 6ರಿಂದ 12ನೆಯ ತರಗತಿಯ ಮಕ್ಕಳವರೆಗೂ ಬಂದಿದೆ. ಕನ್ನಡದ ಪದಗಳು ಇನ್ನೂ ಹಿಂದೆ ಉಳಿದಿವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿನ್ಯಾಸ ಶಾಲೆ ‘ಡಿ-ಸ್ಕೂಲ್’ ಹೇಳುವ ಐದು ಹಂತಗಳಲ್ಲಿ ಮೊದಲ ಮೂರನ್ನು, ಅಂದರೆ ಜನರ ಕಷ್ಟವನ್ನು ಅವರ ಕಡೆಯಿಂದ ಅರಿಯುವುದು, ಸಮಸ್ಯೆಯನ್ನು ಖಚಿತಪಡಿಸಿಕೊಳ್ಳುವುದು, ಉಪಾಯ ಹುಡುಕುವುದು, ಇವನ್ನು ಹೇಗೋ ಕನ್ನಡಕ್ಕೆ ದಾಟಿಸಿದೆ. ನಾಲ್ಕನೆಯದಾದ ಪ್ರೊಟೊಟೈಪ್‌ನಲ್ಲಿ, ಅಂದರೆ ಉಪಾಯ ನಡೆಯುತ್ತದೆಯೇ ಎಂದು ನೋಡಲು ಮೊದಲು ಕಟ್ಟುವ ಒರಟು ವಸ್ತುವಿನಲ್ಲಿ, ಲೇಖನಿ ನಿಂತಿದೆ.

‘ಮೂಲಮಾದರಿ’ ಎಂಬುದು ನಿಘಂಟಿನ ಉತ್ತರ. ಆದರೆ ನಮ್ಮಲ್ಲಿ ಮಾದರಿ ಎಂದರೆ ಆದರ್ಶ: ಮಾದರಿ ಶಾಲೆ, ಮಾದರಿ ರೈತ, ಇತರರಿಗೆ ಮಾದರಿ. ಇಲ್ಲವೇ ವಸ್ತುಪ್ರದರ್ಶನದ ಥರ್ಮಾಕೋಲ್ ಮಾದರಿ, ಯಾರೂ ಮುಟ್ಟಬಾರದ್ದು. ಪ್ರೊಟೊಟೈಪ್ ಇದಕ್ಕೆ ತದ್ವಿರುದ್ಧ. ಎಳೆದಾಡಲಿಕ್ಕೆ, ಮುರಿದು ಮತ್ತೆ ಕಟ್ಟಲಿಕ್ಕೆಂದೇ ಇರುವುದು.

ನಮ್ಮ ಭಾಗದ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಾಗಾಗಿ ಜನ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ಹೊತ್ತು ತರುತ್ತಾರೆ. ವಯಸ್ಸಾದವರು ಅದನ್ನು ಸಾಗಿಸುವುದು ಹೇಗೆ ಎಂಬುದು ಮಕ್ಕಳಿಗೆ ಕೊಟ್ಟ ಸಮಸ್ಯೆ. ಹಳೆಯ ಸೈಕಲ್ ಗಾಲಿ, ಹಗ್ಗ, ಹಲಗೆಯಿಂದ ಏನಾದರೂ ಕಟ್ಟಿ ಅಜ್ಜಿಯೊಬ್ಬರ ಕೈಗೆ ಕೊಡಬೇಕು, ಗರಸಿನ ರಸ್ತೆಯಲ್ಲಿ ಅದು ವಾಲಬೇಕು, ಆಗ ಪಾಠ ಶುರುವಾಗಬೇಕು. ‘ಮಾದರಿ’ ಎಂಬ ಪದ ನೋಡಿ ಅವರು ತಂದದ್ದು ಬಣ್ಣದ ಕಾಗದ ಅಂಟಿಸಿದ ಅಂಗೈಯಗಲದ ಗಾಡಿ. ಚೆಂದವಾಗಿಯೇ ಇತ್ತು ಅನ್ನಿ.

‘ಕಚ್ಚಾ ಮಾದರಿ’ ಎನ್ನಬಹುದೇ? ಕಚ್ಚಾ ರಸ್ತೆಯ ‘ಕಚ್ಚಾ’ ಹೊಂದುತ್ತದೆ, ಕಚ್ಚಾ ತೈಲದ್ದು ಹೊಂದುವುದಿಲ್ಲ. ನನ್ನ ಒಲವು ‘ಕರಡು’ ಕಡೆಗೆ. ತಿದ್ದುವುದಕ್ಕೆಂದೇ ಇದೆ ಎಂಬ ಅರ್ಥ ಅದರೊಳಗೇ ಇದೆ. ತೊಡಕೆಂದರೆ ಅದು ಕಾಗದಕ್ಕೆ ಅಂಟಿಕೊಂಡ ಪದ: ಕರಡು ಮಸೂದೆ, ಕರಡು ಮತದಾರರ ಪಟ್ಟಿ. ‘ಕರಡು ಗಾಡಿ’ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ವಸ್ತುವಿಗೆ ‘ಕರಡು’ ಬಳಸಿದ್ದನ್ನು ಯಾರಾದರೂ ಕಂಡಿದ್ದೀರಾ? ಬಡಗಿಗಳು, ಕಮ್ಮಾರರು, ಕಿನ್ನಾಳದ ಗೊಂಬೆ ಮಾಡುವವರು ಮೊದಲು ಮಾಡಿ ನೋಡುವ ಒರಟು ವಸ್ತುವನ್ನು ಏನೆಂದು ಕರೆಯುತ್ತಾರೆ? ಪ್ರೊಟೊಟೈಪ್ ಎಂದೇ ಬಿಡಿ ಎನ್ನುವವರೂ ಕಾರಣ ಬರೆಯಿರಿ.

ಐದನೆಯ ಹಂತವಾದ ‘ಟೆಸ್ಟ್’ ಅನ್ನು ‘ಪರೀಕ್ಷೆ’ ಎಂದರೆ ಎಷ್ಟು ಅಂಕ ಎಂಬ ಪ್ರಶ್ನೆ ಬರುತ್ತದೆ. ಅದನ್ನು ‘ಬಳಸಿ ನೋಡುವುದು’ ಎಂದು ಬದಲಿಸಿದ್ದೇನೆ. ತಕರಾರಿದ್ದರೆ ಅದನ್ನೂ ತಿಳಿಸಿ.