ಸಹಾಯ ಬೇಕು: ಧ್ವನಿತಂತು ನೋಡಲು ಕತ್ತಿನ ಅಲ್ಟ್ರಾಸೌಂಡ್ ಎಲ್ಲಿ ಮಾಡುತ್ತಾರೆ?

ನಮಸ್ಕಾರ. ಥೈರಾಯ್ಡ್ ಆಪರೇಷನ್ ಆದ ಮೇಲೆ ಅಮ್ಮನ ದನಿ ಒಡೆದುಹೋಗಿದೆ. ಎರಡು ಮಾತಾಡಿದರೆ ಉಸಿರು ಸಾಲುವುದಿಲ್ಲ, ನೀರು ಕುಡಿದರೆ ಕೆಮ್ಮು. ಧ್ವನಿತಂತು ಆಡಿಸುವ ನರ ಥೈರಾಯ್ಡ್ ಹಿಂದೆಯೇ ಹಾದುಹೋಗುತ್ತದೆ ಅಲ್ವಾ, ಅದಕ್ಕೆ ಪೆಟ್ಟಾಗಿರಬಹುದು ಎನ್ನುತ್ತಾರೆ ಡಾಕ್ಟರು.

ಮೂಗಿನಿಂದ ಕ್ಯಾಮೆರಾ ಬಿಟ್ಟು ನೋಡುವುದೇ ಮುಖ್ಯ ಪರೀಕ್ಷೆ, ಗೊತ್ತು. ಆದರೆ ಪೈಪು ಹತ್ತಿರ ಬಂದರೆ ಸಾಕು, ಅಮ್ಮ ಡಾಕ್ಟರ ಕೈ ಗಟ್ಟಿಯಾಗಿ ಹಿಡಿದುಬಿಡುತ್ತಾರೆ. ಕತ್ತಿನ ಮೇಲೆ ಅಲ್ಟ್ರಾಸೌಂಡ್ ಇಟ್ಟು, 'ಈ' ಅನ್ನಿಸಿ, ಎರಡೂ ತಂತು ಸಮನಾಗಿ ಕೂಡುತ್ತವಾ ಎಂದೂ ನೋಡಬಹುದು. ವಯಸ್ಸಾದ ಗಂಡಸರಲ್ಲಿ ಗಂಟಲಿನ ಮೃದು ಮೂಳೆ ಗಟ್ಟಿಯಾಗಿ ಚಿತ್ರ ಮಸುಕಾಗುವುದು ಜಾಸ್ತಿ. ಹೆಂಗಸರಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಕಾಣುತ್ತದೆ.

ಮೈಸೂರು, ಬೆಂಗಳೂರಿನಲ್ಲಿ ಇದನ್ನು ಮಾಡುವ ರೇಡಿಯಾಲಜಿಸ್ಟ್ ಗೊತ್ತಾ? ಮಾಮೂಲಿ ಥೈರಾಯ್ಡ್ ಸ್ಕ್ಯಾನ್ ಅಲ್ಲ, ತಂತು ಅಲುಗಾಡುವುದನ್ನೇ ನೋಡಿ ರಿಪೋರ್ಟ್ ಬರೆಯುವವರು ಬೇಕು. ಮಾಡಿಸಿದವರಿದ್ದರೆ ದಯವಿಟ್ಟು ಹೇಳಿ.