ಸೀರೆ ‘ಉಡು’ವುದೋ, ‘ಹಾಕು’ವುದೋ?

ಪ್ರಶ್ನೆ, ಶಿರಸಿಯಿಂದ:

ಮಾನ್ಯರೆ, ಮದುವೆ ಮನೆಗಳಿಂದ ಮೊಬೈಲಿಗೆ ಬರುವ ಸಂದೇಶಗಳಲ್ಲಿ ‘ಹೆಂಗಸರು ಹಸಿರು ಸೀರೆ ಹಾಕಿಕೊಂಡು ಬನ್ನಿ, ಗಂಡಸರು ಪಂಚೆ ಹಾಕಿಕೊಂಡು ಬನ್ನಿ’ ಎಂಬ ಮಾತು ಈಗ ಸಾಮಾನ್ಯ. ಹಳಬರಿಗೆ ಇದು ಕಿರಿಕಿರಿ. ‘ಸೀರೆ ಹಾಕೂದು ಅಂದ್ರೆ ತಂತಿ ಮೇಲೋ?’ ಎಂಬ ಕುಹಕವೂ ಉಂಟು. ‘ಹಾಕು’ ಇಲ್ಲಿ ತಪ್ಪೋ, ಕಾಲ ತಂದ ಬದಲಾವಣೆಯೋ? ‘ಉಡುಗೆ ತೊಡುಗೆ’ಯಲ್ಲಿ ತೊಡುಗೆಗೆ ಬೇರೆ ಅರ್ಥವಿದೆಯೋ, ಇಲ್ಲಾ ಅದು ಪುಸ್ತಕಗಿಸ್ತಕದ ‘ಗಿಸ್ತಕ’ದಂಥ ಬಾಲವೋ? ಪತ್ರಿಕೆಗಳ ‘ಧರಿಸು’ ಎಲ್ಲದಕ್ಕೂ ಒಪ್ಪುತ್ತದೆಯೇ?

ಉತ್ತರ, ಕುಮಟಾದಿಂದ:

ತೊಡುಗೆ ಬಾಲವಲ್ಲ. ಹೊಲಿಗೆಯಿಲ್ಲದ ಬಟ್ಟೆಯನ್ನು ನಡುವಿಗೆ ಬಳಸಿ, ಅದರ ಅಂಚಿನಿಂದಲೇ ಬಿಗಿದು ನಿಲ್ಲಿಸುವುದು ಉಡುವುದು. ಕೈಯನ್ನೋ ಬೆರಳನ್ನೋ ಒಳಗೆ ತೂರಿಸುವಂಥದ್ದನ್ನು ತೊಡುವುದು: ರವಿಕೆ, ಅಂಗಿ, ಬಳೆ, ಉಂಗುರ. ಹಳಗನ್ನಡದ ‘ತುಡುಗೆ’ ಎಂದರೆ ಆಭರಣವೇ. ಇಷ್ಟಕ್ಕೇ ಮುಗಿಯುವುದಿಲ್ಲ. ಕಂಬಳಿ, ಶಾಲು ಹೊದೆಯುವುದು, ಹೂ ಮುಡಿಯುವುದು, ಮುಂಡಾಸು ಸುತ್ತುವುದು, ಕುಂಕುಮ ಇಡುವುದು, ಚಪ್ಪಲಿ ಮೆಟ್ಟುವುದು. ತಲೆಯಿಂದ ಕಾಲಿನವರೆಗೆ ಒಂದೊಂದಕ್ಕೆ ಒಂದೊಂದು ಕ್ರಿಯಾಪದ.

‘ಹಾಕು’ ಇವನ್ನೆಲ್ಲ ಒಂದೇ ದಿನ ನುಂಗಲಿಲ್ಲ. ಮೊದಲು ಹೋದದ್ದು ತೊಡು. ಚಡ್ಡಿ, ಪ್ಯಾಂಟು, ಶರಟು ಬಂದಾಗ ಆಡುಮಾತಿನಲ್ಲಿ ಅವಕ್ಕೆ ‘ಹಾಕು’ವೇ ಅಂಟಿತು. ‘ಪ್ಯಾಂಟು ತೊಟ್ಟ’ ಎಂದು ನಮ್ಮ ಕಡೆ ಯಾರೂ ಅನ್ನುವುದಿಲ್ಲ. ಶಿರಸಿಯ ಹವ್ಯಕರ ಮಾತಿನಲ್ಲಿ ಈ ಗೆರೆ ಈಗಲೂ ಸ್ಪಷ್ಟ: ಅಂಗಿ ‘ಹಾಕ್ಯಂಡು’, ಸೀರೆ ‘ಉಟ್ಗಂಡು’. ಚೂಡಿದಾರಕ್ಕೆ ಊರಲ್ಲೆಲ್ಲ ‘ಡ್ರೆಸ್’ ಎಂದೇ ಹೆಸರು. ‘ಸೀರೆ ಉಡ್ತ್ಯೋ, ಡ್ರೆಸ್ ಹಾಕ್ತ್ಯೋ?’ ಎಂಬ ಪ್ರಶ್ನೆಯಲ್ಲಿ ಎರಡೂ ಕ್ರಿಯಾಪದ ತಮ್ಮ ಜಾಗದಲ್ಲೇ ಇವೆ. ಸೀರೆ ದಿನದ ಬಟ್ಟೆಯಾಗಿದ್ದಷ್ಟು ಕಾಲ ಉಡು ಗಟ್ಟಿಯಾಗಿತ್ತು. ಮನೆಯಲ್ಲಿ ಹಗಲೂ ನೈಟಿ, ಪ್ಯಾಟೆಗೆ ಡ್ರೆಸ್, ಸೀರೆ ಹಬ್ಬ ಮದುವೆಗೆ ಮಾತ್ರ ಎಂದಾದಾಗ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ‘ಹಾಕು’ ಸೀರೆಗೂ ಹಬ್ಬಿತು.

ಬಟ್ಟೆ ನಿಲ್ಲುವ ಬಗೆಯೂ ಬದಲಾಗಿದೆ. ಕಚ್ಚೆ ಸೀರೆ 9 ಗಜ, ಅಂದರೆ 18 ಮೊಳ, ಸುಮಾರು 8.2 ಮೀಟರ್. ಒಳಗೆ ಲಂಗವಿಲ್ಲ, ಸೀರೆಯ ಮೇಲಂಚನ್ನೇ ನಡುವಿಗೆ ಗಂಟು ಬಿಗಿದು, ನೆರಿಗೆ ಹಿಡಿದು, ಕಾಲ ನಡುವಿಂದ ಕಚ್ಚೆ ತೆಗೆದು ಹಿಂದೆ ಸಿಕ್ಕಿಸಬೇಕು. 6 ಗಜದ ಸೀರೆ ಸುಮಾರು 5.5 ಮೀಟರ್, ಅದರ ಭಾರ ಹೊರುವುದು ಲಂಗದ ಲಾಡಿ. ಲಾಡಿ ಸಡಿಲವಾದರೆ ನೆರಿಗೆಯ ಭಾರಕ್ಕೆ ಸೀರೆ ಮುಂದೆ ಜಗ್ಗಿ ನೆಲ ಗುಡಿಸುತ್ತದೆ, ಹಿಂದೆ ಗಿಡ್ಡವಾಗುತ್ತದೆ. ನೆರಿಗೆ ಹೊಲಿದು ಸೊಂಟಪಟ್ಟಿ ಕೂಡಿಸಿದ ಸಿದ್ಧ ಸೀರೆಗೆ ಲಾಡಿಯೂ ಬೇಡ. ಕಾಲು ತೂರಿಸಿ ಮೇಲೆಳೆದು ಕೊಕ್ಕೆ ಸಿಕ್ಕಿಸಿದರಾಯಿತು. ಲೆಕ್ಕಕ್ಕೆ ಅದು ‘ತೊಡು’ವುದೇ! ಹಾಗಾಗಿ ಅದನ್ನು ‘ಹಾಕಿಕೊಂಡೆ’ ಎಂದರೆ ನನ್ನ ಆಕ್ಷೇಪವಿಲ್ಲ.

ಪಂಚೆಯದ್ದೂ ಇದೇ ಕತೆ. ಒಂಟಿ ಪಂಚೆ 4 ಮೊಳ, ಅಂದಾಜು 1.8 ಮೀಟರ್, ಕಚ್ಚೆಗೆ 8 ಮೊಳ ಬೇಕು. ಹೊಸ ಪಂಚೆ ಉಟ್ಟವರು ಕೈಯಲ್ಲಿ ಹಿಡಿದುಕೊಂಡೇ ಓಡಾಡುವುದೇಕೆಂದರೆ ಅದರ ಗಂಜಿ. ಬಿರುಸಾದ ಅಂಚು ಮಡಚಿದಲ್ಲಿ ಕಚ್ಚುವುದಿಲ್ಲ, ಸಿಕ್ಕಿಸಿದ ತುದಿ ಮೆಲ್ಲಗೆ ಹೊರಬರುತ್ತದೆ. ಒಮ್ಮೆ ನೀರಿಗೆ ಹಾಕಿ ಒಣಗಿಸಿ ಉಟ್ಟರೆ ನಿಲ್ಲುತ್ತದೆ. ಪಾಲಿಯೆಸ್ಟರ್ ಬೆರೆತದ್ದು ಒಗೆದರೂ ಜಾರುತ್ತದೆ, ಅದಕ್ಕೆ ಬೆಲ್ಟೇ ಗತಿ. ಈಗಿನ ವೆಲ್ಕ್ರೋ ಪಂಚೆಗೆ ಕಿಸೆಯೂ ಇರುತ್ತದೆ. ಅದನ್ನು ಅಂಟಿಸುವುದು ಎಂದರೂ ನಡೆದೀತು. ದೇವಸ್ಥಾನದ ಬಾಗಿಲಲ್ಲಿ ಪ್ಯಾಂಟಿನ ಮೇಲೆಯೇ ಪಂಚೆ ಬಿಗಿಯುವವರದ್ದು ಉಡುವುದೂ ಅಲ್ಲ, ಹಾಕುವುದೂ ಅಲ್ಲ, ಬರೀ ಸುತ್ತಿಕೊಳ್ಳುವುದು.

ಅಂದಹಾಗೆ, ಪ್ಯಾಂಟು ಹಾಕಿದವನೂ ಮನೆ ಬಿಡುವುದು ‘ಉಟ್ಟ ಬಟ್ಟೆಯಲ್ಲೇ’. ಬಟ್ಟೆ ಹೋದರೂ ಮಾತು ಹೋಗಲಿಲ್ಲ. ಉಡಿ ತುಂಬುವುದು, ಮಡಿ ಉಡುವುದು ಉಳಿದಿವೆ. ತೊಡು ಬಳೆಗಾರರಲ್ಲಿ ಮತ್ತು ‘ಪಣ ತೊಟ್ಟರು’ ಎಂಬ ಭಾಷಣದಲ್ಲಿ ಬದುಕಿದೆ. ಹೊದೆ ಎಂಬುದಕ್ಕೆ ಸನ್ಮಾನದ ಶಾಲು ಇದೆ.

ಸೇರ್ಪಡೆ, ಕಾರವಾರದಿಂದ:

ಕೊಂಕಣಿ, ಮರಾಠಿಗಳಲ್ಲೂ ಈ ಗೆರೆ ಹೀಗೇ ಇದೆ. ಸೀರೆ, ಧೋತರಕ್ಕೆ ‘ನೇಸ್’, ಹೊಲಿದ ಬಟ್ಟೆಗೆ ‘ಘಾಲ್’, ಹೊದೆಯುವುದಕ್ಕೆ ‘ಪಾಂಗುರ್’. ‘ಘಾಲ್’ ಎಂದರೆ ಹಾಕು ಎಂದೇ ಅರ್ಥ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು ಎಂದು, ಈ ‘ಹಾಕು’ ಮರಾಠಿಯಿಂದ ಬಂತೆಂದು ಕೆಲವರು ವಾದಿಸುವುದುಂಟು. ಒಪ್ಪಲಾರೆ. ಮುಂಬಯಿಗೆ ಸೇರಿರದ ಮೈಸೂರಿನವರೂ ಅಂಗಿ ಹಾಕಿಕೊಳ್ಳುತ್ತಾರೆ.

‘ಧರಿಸು’ ಜನಿವಾರಕ್ಕೆ, ರುದ್ರಾಕ್ಷಿಗೆ ಸಹಜ. ‘ಹೆಲ್ಮೆಟ್ ಧರಿಸಿ’ ಎಂಬ ಫಲಕಕ್ಕೂ ಆದೀತು. ಮನೆಯ ಮಾತಿನಲ್ಲಿ ‘ಲುಂಗಿ ಧರಿಸಿ’ ಎಂದರೆ ಪಂಚನಾಮೆ ಓದಿದಂತಾಗುತ್ತದೆ.

ತಿದ್ದುಪಡಿ, ಅಂಕೋಲಾದಿಂದ:

ಕುಮಟಾದವರು ‘ನಡುವಿಗೆ’ ಎಂದದ್ದು ಇಕ್ಕಟ್ಟಾಯಿತು. ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರ ಸಾಂಪ್ರದಾಯಿಕ ಸೀರೆಗೆ ರವಿಕೆಯಿಲ್ಲ. ಮೈಸುತ್ತಿ ತಂದ ಬಟ್ಟೆಯನ್ನು ಹೆಗಲ ಬಳಿ ಗಂಟು ಹಾಕುತ್ತಾರೆ. 2021ರ ನವೆಂಬರಿನಲ್ಲಿ ಅದೇ ಸಮುದಾಯದ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ಪದ್ಮಶ್ರೀ ಪಡೆದ ಚಿತ್ರ ನೋಡಿದವರಿಗೆ ಆ ಉಡುಗೆ ನೆನಪಿರುತ್ತದೆ. ಅದಕ್ಕೂ ‘ಉಟ್ಟು’ ಎಂಬುದೇ ಸಲ್ಲುತ್ತದೆ. ಆದ್ದರಿಂದ ಲಕ್ಷಣದಲ್ಲಿ ಮುಖ್ಯವಾದದ್ದು ನಡುವಲ್ಲ: ಗುಂಡಿ, ಕೊಕ್ಕೆ, ಲಾಡಿಗಳ ಹಂಗಿಲ್ಲದೆ ಬಟ್ಟೆ ತನ್ನ ಗಂಟಿನಿಂದಲೇ ನಿಲ್ಲುವುದು. ಹಾಗೆ ನೋಡಿದರೆ 6 ಗಜದ ಸೀರೆ ಲಾಡಿಯ ಆಸರೆ ಹಿಡಿದಂದೇ ‘ಉಡು’ವಿನ ಅಂಚಿಗೆ ಬಂದಿತ್ತು.

ಮತ್ತೆ ಶಿರಸಿಯಿಂದ:

ಉಪಕಾರವಾಯಿತು. ಸಂದೇಶವನ್ನು ‘ಸೀರೆ ಉಟ್ಟು ಬನ್ನಿ, ಪಂಚೆ ಉಟ್ಟು ಬನ್ನಿ’ ಎಂದು ತಿದ್ದಿಸುತ್ತೇನೆ, ಅಕ್ಷರವೂ ಕಡಿಮೆ. ವೆಲ್ಕ್ರೋದವರು ಹಾಕಿಕೊಂಡೇ ಬರಲಿ.