ಡ್ರೈವ್ 84ರಲ್ಲೇ ನಿಂತ ಲ್ಯಾಪ್‌ಟಾಪ್: ಅಪ್‌ಡೇಟ್‌ಗೆ ಮುಂಚೆ ಫೈಲ್ ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ
ವಿಂಡೋಸ್ 10 ಲ್ಯಾಪ್‌ಟಾಪ್, 2023ರ ನವೆಂಬರ್ ಕೊನೆಯಿಂದ ಬಳಕೆಯಲ್ಲಿಲ್ಲ. ನೆಟ್ ಕೊಡದೆ ಆನ್ ಮಾಡಿದಾಗ ಗೂಗಲ್ ಡ್ರೈವ್ ಫಾರ್ ಡೆಸ್ಕ್‌ಟಾಪ್ ಆವೃತ್ತಿ 84.0 ಅಂತ ತೋರಿಸಿತು. ಸ್ಟ್ರೀಮಿಂಗ್ ವಿಧಾನ (ಫೈಲ್ ಮುಖ್ಯವಾಗಿ ಗೂಗಲ್ ಸರ್ವರ್‌ನಲ್ಲಿ, ಲ್ಯಾಪ್‌ಟಾಪ್‌ನಲ್ಲಿ ತಾತ್ಕಾಲಿಕ ಪ್ರತಿ ಮಾತ್ರ). ಸಂಘದ ಲೆಕ್ಕದ ಕೆಲವು ಎಕ್ಸೆಲ್ ಫೈಲ್‌ಗಳು ಬ್ರೌಸರ್‌ನಲ್ಲಿ ಸಿಗುತ್ತಿಲ್ಲ, ಇದರಲ್ಲಿ ಮಾತ್ರ ಉಳಿದಿರಬಹುದು. ನೆಟ್ ಕೊಟ್ಟರೆ ತಾನೇ ಅಪ್‌ಡೇಟ್ ಆಗಿಬಿಡುತ್ತೆ. ಅಕೌಂಟ್ ತೆಗೆದು ಮತ್ತೆ ಸೇರಿಸಲೇ?

ಉತ್ತರ 1
ಅಕೌಂಟ್ ಮಾತ್ರ ತೆಗೆಯಬೇಡಿ ಸರ್. ಡ್ರೈವ್ ಅನ್‌ಇನ್‌ಸ್ಟಾಲ್ ಕೂಡ ಮಾಡಬೇಡಿ. 84.0.0.0ರಿಂದ 84.0.4.0ವರೆಗಿನ ಆವೃತ್ತಿಗಳಲ್ಲಿ ಸಿಂಕ್ (ಲ್ಯಾಪ್‌ಟಾಪ್ ಫೈಲ್‌ಗಳನ್ನು ಗೂಗಲ್ ಡ್ರೈವ್ ಜೊತೆ ಹೊಂದಿಸುವ) ತೊಂದರೆ ಇದೆಯೆಂದು ಗೂಗಲ್ ಆಗಲೇ ಒಪ್ಪಿಕೊಂಡಿತ್ತು. 'ಡಿಸ್‌ಕನೆಕ್ಟ್ ಅಕೌಂಟ್' ಒತ್ತಬೇಡಿ, ಆ್ಯಪ್‌ನ ಡೇಟಾ ಫೋಲ್ಡರ್ ಅಳಿಸಬೇಡಿ, ಬೇರೆಡೆಗೆ ಸರಿಸಬೇಡಿ ಅಂತಲೂ ಹೇಳಿತ್ತು. ಕ್ಲೌಡ್‌ಗೆ, ಅಂದರೆ ಗೂಗಲ್ ಸರ್ವರ್‌ಗೆ, ಇನ್ನೂ ಏರದ ಫೈಲ್‌ಗಳು ಇರುವುದೇ ಆ ಫೋಲ್ಡರ್‌ನಲ್ಲಿ.

ವೈ-ಫೈ ಆಫ್ ಇರಲಿ. ಗಡಿಯಾರದ ಪಕ್ಕದ ಡ್ರೈವ್ ಗುರುತು ಒತ್ತಿ, ಹಲ್ಲುಚಕ್ರದ ಮೆನುವಿನಿಂದ ಕ್ವಿಟ್ ಮಾಡಿ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂನಲ್ಲಿ 'ಹಿಡನ್ ಐಟಮ್ಸ್'ಗೆ ಟಿಕ್ ಹಾಕದಿದ್ದರೆ ಆ್ಯಪ್‌ಡೇಟಾ ಕಾಣಿಸೋದೇ ಇಲ್ಲ. ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸರು, ಆ್ಯಪ್‌ಡೇಟಾ, ಲೋಕಲ್, ಗೂಗಲ್, ಈ ದಾರಿಯಲ್ಲಿ ಹೋದರೆ 'ಡ್ರೈವ್‌ಎಫ್‌ಎಸ್' ಸಿಗುತ್ತೆ. ಅದನ್ನು ಇಡಿಯಾಗಿ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಕಟ್ ಬೇಡ. ಡಿಸ್ಕ್‌ನ ಫಾರ್ಮ್ಯಾಟ್ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿರಲಿ, ಫ್ಯಾಟ್32ರಲ್ಲಿ 4 ಜಿಬಿ ಮೀರಿದ ಫೈಲ್ ಕೂರುವುದಿಲ್ಲ.

ಆಮೇಲೆ ನೆಟ್ ಕೊಡಿ. ಆವೃತ್ತಿ 85.0.13.0 ಅಥವಾ ಅದಕ್ಕಿಂತ ಹೊಸದಾಗಬೇಕು, ಮರುಪಡೆಯುವ ಸೌಲಭ್ಯ ಬಂದದ್ದು ಅದರಲ್ಲೇ. ಶಿಫ್ಟ್ ಕೀ ಒತ್ತಿಹಿಡಿದುಕೊಂಡೇ ಹಲ್ಲುಚಕ್ರ ಕ್ಲಿಕ್ ಮಾಡಿ, ಆಗ 'ರಿಕವರ್ ಫ್ರಮ್ ಬ್ಯಾಕಪ್ಸ್' ಕಾಣಿಸುತ್ತೆ. ಶಿಫ್ಟ್ ಇಲ್ಲದಿದ್ದರೆ ಆ ಸಾಲು ಇರೋದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಸಿಕ್ಕ ಫೈಲ್‌ಗಳು ಡೆಸ್ಕ್‌ಟಾಪ್ ಮೇಲೆ 'ಗೂಗಲ್ ಡ್ರೈವ್ ರಿಕವರಿ' ಎಂಬ ಫೋಲ್ಡರ್‌ಗೆ ಬಂದು ಬೀಳುತ್ತವೆ. ಡೆಸ್ಕ್‌ಟಾಪ್ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತೆ, ಅಲ್ಲಿ ಜಾಗ ಮೊದಲೇ ಖಾಲಿ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು
ಕಾಪಿ ಆಯಿತು, ಇನ್ನೂ ನೆಟ್ ಕೊಟ್ಟಿಲ್ಲ. ಒಳಗೆ 'ಕಂಟೆಂಟ್ ಕ್ಯಾಶ್' ಅಂತ ಇದೆ, ಅದರಲ್ಲಿ ಬರೀ ಅಂಕಿಯ ಹೆಸರುಗಳು, ಎಕ್ಸ್‌ಟೆನ್ಶನ್ನೂ ಇಲ್ಲ. ಕೆಟ್ಟುಹೋಗಿವೆಯಾ?

ಉತ್ತರ 2
ಕೆಟ್ಟಿಲ್ಲ. ಸ್ಟ್ರೀಮಿಂಗ್‌ನಲ್ಲಿ ಡ್ರೈವ್ ಫೈಲ್‌ನ ಒಡಲನ್ನು ಅಂಕಿ ಹೆಸರಲ್ಲಿ ಇಟ್ಟು, ನಿಜವಾದ ಹೆಸರನ್ನು ಪಕ್ಕದ ಮೆಟಾಡೇಟಾ ಡೇಟಾಬೇಸ್‌ನಲ್ಲಿ (ಫೈಲ್‌ಗಳ ವಿವರದ ಪಟ್ಟಿ) ಬರೆದಿಡುತ್ತೆ. ಹಾಗಾಗಿ ಹೆಸರು ಹಾಕಿ ಹುಡುಕಿದರೆ ಸಿಗೋಲ್ಲ. ಮೊದಲು ಮೇಲಿನ ರಿಕವರಿ ಮಾಡಿ. ಏನೂ ಸಿಗದಿದ್ದರೆ ಡ್ರೈವ್‌ಎಫ್‌ಎಸ್ ಒಳಗೆ 'ಲಾಸ್ಟ್ ಆ್ಯಂಡ್ ಫೌಂಡ್' ಫೋಲ್ಡರ್ ಇದೆಯಾ ನೋಡಿ. ಅದೂ ಆಗದಿದ್ದರೆ ಹೊರಗಿನ ಡಿಸ್ಕ್‌ನ ಪ್ರತಿಯಿಂದ ಒಂದೊಂದೇ ಫೈಲ್ ತೆಗೆದು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಮೊದಲೆರಡು ಅಕ್ಷರ ಪಿಕೆ (PK) ಇದ್ದರೆ ಈಗಿನ ಎಕ್ಸೆಲ್ ಅಥವಾ ವರ್ಡ್ ಇರಬಹುದು. ಸೇವ್ ಮಾಡದೆ ಮುಚ್ಚಿ, ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಎಕ್ಸ್‌ಎಲ್‌ಎಸ್‌ಎಕ್ಸ್ (.xlsx) ಸೇರಿಸಿ ತೆರೆದು ನೋಡಿ.

ಉತ್ತರ 3
ಒಂದು ಮಾತು ಸೇರಿಸುವೆ. ಬ್ರೌಸರ್‌ನಲ್ಲಿ ಕಾಣುವ ಗೂಗಲ್ ಡ್ರೈವ್‌ನ ಬಿನ್‌ನಲ್ಲಿ (ಕಸದ ಬುಟ್ಟಿ) ಹುಡುಕಿ ಹೊತ್ತು ಕಳೆಯಬೇಡಿ, ಅದು 30 ದಿನಕ್ಕೆ ಖಾಲಿಯಾಗುತ್ತೆ. ಗೂಗಲ್ ಶೀಟ್ಸ್‌ನಲ್ಲೇ ಮಾಡಿದ್ದ ಲೆಕ್ಕವಾದರೆ ಲ್ಯಾಪ್‌ಟಾಪ್‌ನಲ್ಲಿ ಕಾಣುವ ಫೈಲ್ ಬರೀ ಕೊಂಡಿ, ಒಳಗೆ ಲೆಕ್ಕ ಇರೋದಿಲ್ಲ. ಅಂಥದ್ದನ್ನು ಅದನ್ನು ಮಾಡಿದವರ ಅಕೌಂಟ್‌ನಲ್ಲಿ ಹುಡುಕಬೇಕು. ಸಂಘಗಳಲ್ಲಿ ಹಳೆಯ ಕಾರ್ಯದರ್ಶಿಯ ಜಿಮೇಲ್‌ನಲ್ಲೇ ಉಳಿದಿರುವುದುಂಟು, ಒಮ್ಮೆ ಕೇಳಿ ನೋಡಿ.